ಮುಚ್ಚಳ ತೆಗೆಸಿದ ಮೇಲೆಯೇ ರೇಟಿನ ಮಾತು

ಹಳೆಯ ವಾಚು ಕೊಳ್ಳುವಾಗ ನಾನು ಡಯಲ್ ನೋಡುವುದು ಕೊನೆಗೆ. ಮಾರುವವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಬಟ್ಟೆಯ ಮೇಲೆ ಕಿತ್ತಳೆ, ಗಿಳಿಹಸಿರು ಬಣ್ಣದ ಎಚ್‌ಎಂಟಿ ಪೈಲಟ್ ವಾಚುಗಳು ಫಳಫಳ ಹೊಳೆಯುತ್ತಿರುವಾಗ ಇವನ್ಯಾಕೆ ಮಾಸಿದ್ದನ್ನೇ ಎತ್ತಿ ಬೆನ್ನು ತಿರುಗಿಸುತ್ತಾನೆ ಅಂತ. ಐವತ್ತು ವರ್ಷ ಯಾರದೋ ಮಣಿಕಟ್ಟಿನ ಬೆವರು ಕುಡಿದ ವಾಚಿಗೆ ಮುಖವೊಂದು ಮಾತ್ರ ನಿನ್ನೆ ಮೊನ್ನೆಯದರಂತಿದ್ದರೆ, ಅದಕ್ಕೆ ಯಾರೋ ಹೊಸದಾಗಿ ಬಣ್ಣ ಹೊಡೆದಿದ್ದಾರೆ ಎಂದೇ ಲೆಕ್ಕ.

ನನ್ನ ಸಂಗ್ರಹದಲ್ಲಿ ಹೆಚ್ಚಿನವು ಎಚ್‌ಎಂಟಿ. ಕಾರಣ ಸರಳ: ಅವು ನಮ್ಮೂರಿನವು, ಇವತ್ತಿಗೂ ಕೈಗೆಟುಕುವ ಬೆಲೆಗೆ ಸಿಗುತ್ತವೆ, ಕೆಟ್ಟರೆ ರಿಪೇರಿ ಮಾಡುವವರು ಇನ್ನೂ ಇದ್ದಾರೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಜನತಾ, ಪೈಲಟ್, ಸೋನಾ, ಕೊಹಿನೂರ್, ಕಾಂಚನ್ ಎಂದು ಹೆಸರಿಟ್ಟು ದೇಶದ ಕೈಗಳಿಗೆ ವಾಚು ಕಟ್ಟಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ವಾಚು ವಿಭಾಗವನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ ತೆಗೆದುಕೊಂಡದ್ದು 2016ರ ಜನವರಿಯಲ್ಲಿ.

ಗುರುತು ಓದುವುದನ್ನು ನನಗೆ ಕಲಿಸಿದವರು ಒಬ್ಬ ರಿಪೇರಿ ಅಂಗಡಿಯ ಯಜಮಾನರು. "ಮುಚ್ಚಳ ತೆಗೆಸ್ದೆ ರೇಟು ಮಾತಾಡ್ಬೇಡಿ ಸಾರ್" ಅನ್ನುವುದು ಅವರ ಮೊದಲ ಪಾಠ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ವಾಚಿನ ಬೆನ್ನಿನ ಮುಚ್ಚಳ ಬಿಚ್ಚಿ, ಅದರ ಒಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದರು. ಸೂಜಿಯಲ್ಲಿ ಗೀಚಿದ ಸಣ್ಣ ಸಣ್ಣ ಬರಹ: ಒಂದು ಕಡೆ ಚೀಟಿ ನಂಬರು, ಇನ್ನೊಂದು ಕಡೆ "8/74", ಅದರ ಕೆಳಗೆ ಬೇರೆ ಕೈಯಲ್ಲಿ "3/81". ಸರ್ವಿಸ್ ಮಾಡಿದವರು ತಮ್ಮ ನೆನಪಿಗೆ ಹಾಕಿಕೊಂಡ ಗುರುತುಗಳು. ಇದರಿಂದ ವಾಚು ತಯಾರಾದ ವರ್ಷ ತಿಳಿಯುವುದಿಲ್ಲ, ಆದರೆ 1974ರ ಹೊತ್ತಿಗೆ ಆ ಮುಚ್ಚಳ ಬಳಕೆಯಲ್ಲಿತ್ತು ಅನ್ನುವುದಂತೂ ಖಾತ್ರಿ. ಮುಚ್ಚಳ ಅಂದೆ, ವಾಚು ಅನ್ನಲಿಲ್ಲ. ಒಂದರ ಮುಚ್ಚಳ ಇನ್ನೊಂದಕ್ಕೆ ಕೂರಿಸುವುದು ಈ ವ್ಯಾಪಾರದಲ್ಲಿ ತೀರಾ ಮಾಮೂಲು.

ಮುಚ್ಚಳದ ಹೊರಮೈಯಲ್ಲಿ "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್" ಎಂದಿದ್ದರೆ ಕೊನೆಯ ಪದವನ್ನು ಬಿಡದೆ ಓದಬೇಕು. ಬೆನ್ನು ಮಾತ್ರ ಸ್ಟೀಲು. ಉಳಿದ ಕೇಸು ಕ್ರೋಮ್ ಲೇಪದ ಹಿತ್ತಾಳೆಯಾಗಿರಬಹುದು. ಬೆಲ್ಟು ಸಿಕ್ಕಿಸುವ ಕಿವಿಗಳ ಒಳಬದಿ ನೋಡಿ. ಲೇಪ ಸವೆದ ಕಡೆ ಹಳದಿ ಇಣುಕುತ್ತದೆ, ಬೆವರು ತಿಂದ ಕಡೆ ಹಸಿರು ಕಿಲುಬು. ಪಾಲಿಶ್ ಹಾಕಿದರೆ ಸರಿಹೋಗುತ್ತೆ ಅಂತ ಮಾರುವವರು ಹೇಳುತ್ತಾರೆ. ಹೋಗುವುದಿಲ್ಲ, ಉಳಿದ ಲೇಪವೂ ಹೋಗುತ್ತದೆ.

ಆಮೇಲೆ ಯಂತ್ರ. ಕೀ ಕೊಡುವ ಎಚ್‌ಎಂಟಿಗಳಲ್ಲಿ ಹೆಚ್ಚಾಗಿ ಸಿಗುವುದು 0231 ಎಂಬ 17 ಜ್ಯುವೆಲ್‌ಗಳ ಯಂತ್ರ. ಜ್ಯುವೆಲ್ ಅಂದರೆ ಕೃತಕ ಮಾಣಿಕ್ಯದ ಚಿಕ್ಕ ಹರಳು. ಚಕ್ರಗಳ ಅಚ್ಚು ತಿರುಗುವ ಜಾಗದಲ್ಲಿ ಸವೆತ ತಡೆಯಲು ಕೂರಿಸಿರುತ್ತಾರೆ. ಮಾರಿದರೆ ಏನೂ ಬರುವುದಿಲ್ಲ, ಆದರೂ "ಹದಿನೇಳು ಕಲ್ಲಿನ ವಾಚು" ಅನ್ನುವಾಗ ಹಳಬರ ದನಿಯಲ್ಲಿ ಒಂದು ಗತ್ತು! ಡಯಲ್ ಮೇಲಿನ "ಪ್ಯಾರಾಶಾಕ್" ಎಂಬ ಪದ ಸಿಟಿಜನ್ ಕಡೆಯಿಂದ ಬಂದದ್ದು. ವಾಚು ಕೆಳಗೆ ಬಿದ್ದರೆ ಬ್ಯಾಲೆನ್ಸ್ ಚಕ್ರದ ಕೂದಲೆಳೆಯಂಥ ಅಚ್ಚು ಮುರಿಯದಂತೆ ಅದರ ಹರಳನ್ನು ಸ್ಪ್ರಿಂಗ್ ಮೇಲೆ ಕೂರಿಸಿದ ಏರ್ಪಾಡು ಅದು. ಕಾಂಚನ್ ತಾನಾಗಿ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್, ಹಾಗಾಗಿ ಹರಳೂ ಹೆಚ್ಚು, 21. ಡಯಲ್ ಮೇಲೆ ಒಂದು ಸಂಖ್ಯೆ, ಒಳಗೆ ಇನ್ನೊಂದು ಇದ್ದರೆ ವಾಚನ್ನು ಸುಮ್ಮನೆ ವಾಪಸ್ ಇಡುತ್ತೇನೆ.

ಇಷ್ಟೆಲ್ಲ ಆದ ಮೇಲೆ ಡಯಲ್. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಕಾರ್ಖಾನೆಯ ಮುದ್ರಣದಲ್ಲಿ ಅಕ್ಷರದ ಅಂಚು ಚೂಪು, ಶಾಯಿ ಮೇಲ್ಮೈಯಿಂದ ತುಸು ಎದ್ದು ನಿಂತಿರುತ್ತದೆ. ನಿಮಿಷದ ಗೆರೆ ಗಂಟೆಯ ಕಡ್ಡಿಯ ನಟ್ಟನಡುವೆ ಬಂದು ತಾಗುತ್ತದೆ. ಮರುಬಣ್ಣದ ಡಯಲ್‌ನಲ್ಲಿ ಗೆರೆ ಒಂದು ಕೂದಲಷ್ಟು ಪಕ್ಕಕ್ಕೆ, ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು, ತಾರೀಕಿನ ಕಿಂಡಿಯ ಅಂಚಿನಲ್ಲಿ ಬಣ್ಣ ಕಟ್ಟಿಕೊಂಡು ದಪ್ಪ. ದೇವನಾಗರಿಯಲ್ಲಿ ಹೆಸರು ಬರೆದ ಡಯಲ್ ಆದರೆ ನಾನು ಶಿರೋರೇಖೆ ನೋಡುತ್ತೇನೆ. ನಕಲು ಮಾಡುವವರ ಕೈ ಅಲ್ಲಿಯೇ ನಡುಗುವುದು. ಮುಂಬೈ ಕಡೆಯಿಂದ ಬರುವ ಈ ಬಣ್ಣದ ವಾಚುಗಳ ಮೇಲೆ ಸೇನೆಯ ಲಾಂಛನ ಬೇರೆ ಒತ್ತಿರುತ್ತಾರೆ. ಹಾಕಿಕೊಳ್ಳಲು ಚೆನ್ನಾಗಿದ್ದರೆ ಹಾಕಿಕೊಳ್ಳಲಿ, ತಕರಾರಿಲ್ಲ. ಹಳೆಯದು ಎಂದು ಹೇಳಿ ದುಡ್ಡು ಕೇಳಿದಾಗ ಮಾತ್ರ ನನಗೆ ರೇಗುತ್ತದೆ.

ಸ್ವಿಸ್ ವಾಚುಗಳ ವಿಷಯಕ್ಕೆ ಬಂದರೆ ನೋಟ ಆರು ಗಂಟೆಯ ಬುಡಕ್ಕೆ ಹೋಗಬೇಕು. "ಸ್ವಿಸ್ ಮೇಡ್" ಎಂಬ ಪುಟ್ಟ ಅಕ್ಷರಗಳು ಡಯಲ್‌ನ ತೀರಾ ಅಂಚಿನಲ್ಲಿರುವುದರಿಂದ ಬಣ್ಣ ಹೊಡೆಯುವವರು ಬಿಟ್ಟೇಬಿಡುತ್ತಾರೆ, ಇಲ್ಲವೇ ಒಂದಿಷ್ಟು ಮೇಲಕ್ಕೆ ಬರೆಯುತ್ತಾರೆ. ಅದೇ ಜಾಗದಲ್ಲಿ "ಸ್ವಿಸ್" ಪದದ ಎರಡೂ ಬದಿ "ಟಿ" ಅಕ್ಷರ ಕಂಡರೆ ಕತ್ತಲಲ್ಲಿ ಹೊಳೆಯಲೆಂದು ಟ್ರಿಟಿಯಂ ಎಂಬ ವಿಕಿರಣ ಸೂಸುವ ವಸ್ತು ಬೆರೆತ ಬಣ್ಣ ಹಚ್ಚಿದೆ ಎಂದರ್ಥ. ಟ್ರಿಟಿಯಂನ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಸುಮಾರು 12.3 ವರ್ಷ. ಹಾಗಾಗಿ ಎಪ್ಪತ್ತರ ದಶಕದ ವಾಚು ಇಂದಿಗೂ ರಾತ್ರಿಯಿಡೀ ಹೊಳೆಯುತ್ತಿದ್ದರೆ ಆ ಬಣ್ಣ ಹೊಸದು. ಅದಕ್ಕೂ ಹಿಂದಿನವುಗಳಲ್ಲಿ ನಿಜವಾದ ರೇಡಿಯಂ ಇರುತ್ತಿತ್ತು, ಅದರ ಅರ್ಧಾಯುಷ್ಯ 1,600 ವರ್ಷ. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ. ಅಂಥದ್ದನ್ನು ಮನೆಯಲ್ಲಿ ಬಿಚ್ಚಿ ಕೆರೆಯಬೇಡಿ, ಪುಡಿ ಉಸಿರಿಗೆ ಹೋಗುತ್ತದೆ. ಬೆನ್ನಿನ ಮೇಲೆ ಅಗಲ ತುದಿಯ ಬಾಣದ ಗುರುತಿದ್ದರೆ ಅದು ಒಮ್ಮೆ ಬ್ರಿಟಿಷ್ ಸರ್ಕಾರದ ಸ್ವತ್ತು. ಬೆಲೆ ಏರುವ ಗುರುತಾದ್ದರಿಂದ ಹೊಸದಾಗಿ ಕೆತ್ತಿದ ಬಾಣಗಳೂ ಓಡಾಡುತ್ತಿವೆ. ಹಳೆಯ ಕೆತ್ತನೆಯ ಅಂಚು ಸುತ್ತಲಿನ ಲೋಹದಷ್ಟೇ ಸವೆದಿರಬೇಕು.

ಅನುಮಾನ ಬಂದಾಗ ನಾನು ಹೋಗುವ ಜಾಗ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್. 2019ರಲ್ಲಿ ತೆರೆದದ್ದು. ಅಲ್ಲಿ ಇಟ್ಟಿರುವ ಮಾದರಿಗಳ ಮುಂದೆ ನಿಂತು ಮುಳ್ಳಿನ ಆಕಾರ, ಅಕ್ಷರದ ವರಸೆ ಕಣ್ಣಿಗೆ ತುಂಬಿಕೊಂಡು ಬಂದರೆ ಭಾನುವಾರದ ಚಿಕ್ಕಪೇಟೆ ಸಂತೆಯಲ್ಲಿ ಅರ್ಧ ಕೆಲಸ ಆದಂತೆಯೇ. ಸದ್ಯ ನನ್ನ ಹತ್ತಿರ ಒಂದು ಕೊಹಿನೂರ್ ಇದೆ, ಡಯಲ್ ಕಂದು ತಿರುಗಿದೆ, ಮುಳ್ಳು ಮೂಲದ್ದೇ, ಯಂತ್ರವೂ ಸರಿ. ಕೀ ತಿರುಪು ಮಾತ್ರ ಯಾವುದೋ ಬೇರೆ ವಾಚಿನದು, ಬೆರಳಿಗೆ ದಪ್ಪ ಸಿಗುತ್ತದೆ. ಗುಜರಿಗೆ ಬಂದ ಕೇಸುಗಳಲ್ಲಿ ಸರಿಯಾದದ್ದು ಸಿಕ್ಕರೆ ತೆಗೆದಿಡಲು ಯಜಮಾನರಿಗೆ ಹೇಳಿದ್ದೇನೆ.