ಐಲೆಟ್ ಹಾಕುವುದು ಹೇಗೆ? ಉಂಗುರಕ್ಕಿಂತ ಸುತ್ತಲಿನ ಬಟ್ಟೆ ಗಟ್ಟಿಯಿರಲಿ

ಹೂಡಿಯ ದಾರ ಹೊರಗೆ ಬರುವ ತೂತು, ಶೂ ಲೇಸಿನ ತೂತು, ಪರದೆಯನ್ನು ರಾಡಿಗೆ ಪೋಣಿಸುವ ಉಂಗುರ, ಭತ್ತದ ರಾಶಿಗೆ ಹೊದಿಸುವ ತಾಡಪತ್ರಿಯ ಮೂಲೆಯಲ್ಲಿ ಹಗ್ಗ ಕಟ್ಟುವ ಕಣ್ಣು. ಎಲ್ಲವೂ ಐಲೆಟ್‌ಗಳೇ. ತೂತಿನ ಅಂಚು ಹರಿಯದಂತೆ, ಎಳೆ ಬಿಚ್ಚದಂತೆ ಕಾಯುವುದು ಇದರ ಕೆಲಸ. ಡೆನಿಮ್ ಜಾಕೆಟ್ಟಿನ ಕಂಕುಳಲ್ಲಿ ಗಾಳಿಯಾಡಲೆಂದು ಎರಡು ಐಲೆಟ್ ಹಾಕಿರುತ್ತಾರೆ. ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಅವು ಏನೇನೂ ಸಾಲುವುದಿಲ್ಲ, ಆ ಮಾತು ಬೇರೆ.

ಜೀನ್ಸ್ ಜೇಬಿನ ಮೂಲೆಯಲ್ಲಿರುವ ತಾಮ್ರದ ಚುಕ್ಕೆಯನ್ನೂ ಕೆಲವರು ಐಲೆಟ್ ಅನ್ನುತ್ತಾರೆ. ಅದು ರಿವೆಟ್. 1873ರಲ್ಲಿ ಜೇಕಬ್ ಡೇವಿಸ್ ಮತ್ತು ಲೆವಿ ಸ್ಟ್ರಾಸ್ ಪೇಟೆಂಟ್ ಪಡೆದದ್ದು ಅದಕ್ಕೆ. ರಿವೆಟ್ ಬಟ್ಟೆಯ ಪದರಗಳನ್ನು ಬಿಗಿಯಾಗಿ ಹಿಡಿಯುತ್ತದೆ, ಅದರಲ್ಲಿ ದಾರ ತೂರುವುದಿಲ್ಲ.

ಜೀನ್ಸ್‌ಗೆ ಹೆಸರಾದ ಬಳ್ಳಾರಿಯ ಹೊಲಿಗೆ ಘಟಕಗಳಲ್ಲಿ ಐಲೆಟ್ ಹಾಕಲು ಮಷಿನ್ ಇರುತ್ತದೆ. ಮನೆಯಲ್ಲಿ ಒಂದೆರಡು ಹಾಕಲು ಪಂಚು (ಮೇಲಿಟ್ಟು ಬಡಿಯುವ ಲೋಹದ ಕಡ್ಡಿ), ಅಡಿ ಅಚ್ಚು ಇರುವ ಚಿಕ್ಕ ಸೆಟ್ ಮತ್ತು ಸುತ್ತಿಗೆ ಸಾಕು. ಐಲೆಟ್ಟಿನಲ್ಲಿ ಎರಡು ಭಾಗ: ಕೊಳವೆಯಿರುವ ಉಂಗುರ ಮತ್ತು ಹಿಂಬದಿಯಿಂದ ಕೂರುವ ತೂತಿನ ಬಿಲ್ಲೆ, ಅಂದರೆ ವಾಷರ್. ಐಲೆಟ್ ಕೊಳ್ಳುವಾಗ ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಒಳಗೆ ಕಬ್ಬಿಣವಿದೆ ಅಂತ ಅರ್ಥ. ಮೇಲಿನ ಲೇಪ ಸವೆದ ಮೇಲೆ ತುಕ್ಕು ಹಿಡಿದು ಬಿಳಿ ಬಟ್ಟೆಯ ಮೇಲೆ ಕಂದು ಕಲೆ ಕೂರುತ್ತದೆ. ಒಗೆಯುವ ಬಟ್ಟೆಗೆ ಹಿತ್ತಾಳೆಯದೇ ಒಳ್ಳೆಯದು.

1. ಹಿಂಬದಿ ಗಟ್ಟಿ ಮಾಡಿ. ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಒಂದೇ ಪದರದ ತೆಳು ಬಟ್ಟೆಯಲ್ಲಿ ಎಂಥ ಐಲೆಟ್ಟೂ ನಿಲ್ಲುವುದಿಲ್ಲ, ದಾರ ಜಗ್ಗಿದಾಗ ಉಂಗುರದ ಸಮೇತ ಕಿತ್ತು ಬರುತ್ತದೆ. ಹಳೆ ಜೀನ್ಸಿನ ತುಂಡೋ ಬಕ್ರಮ್ಮೋ (ಕಾಲರಿನ ಒಳಗಿಡುವ ಗಡುಸು ಬಟ್ಟೆ) ಒಳಗಿಟ್ಟು ಸುತ್ತ ಒಂದು ಹೊಲಿಗೆ ಹಾಕಿ. ಟೀ ಶರ್ಟ್‌ನಂತೆ ಹಿಗ್ಗುವ ಬಟ್ಟೆಗಂತೂ ಇದು ಬೇಕೇ ಬೇಕು.

2. ತೂತು ಚಿಕ್ಕದಿರಲಿ. ಐಲೆಟ್ಟಿನ ಕೊಳವೆ ತುಸು ತ್ರಾಸಪಟ್ಟು ತೂರಬೇಕು, ಅಷ್ಟೇ. ಸಡಿಲ ನೇಯ್ಗೆಯಾದರೆ ಕತ್ತರಿ ಬೇಡ. ದಬ್ಬಳ ಚುಚ್ಚಿ ಎಳೆಗಳನ್ನು ಪಕ್ಕಕ್ಕೆ ಸರಿಸಿದರೆ ಅವು ಕಡಿಯದೆ ಉಳಿದು ಉಂಗುರವನ್ನು ಹಿಡಿದುಕೊಳ್ಳುತ್ತವೆ. ದಪ್ಪ ಡೆನಿಮ್ಮಿಗೆ ಮಾತ್ರ ಸಣ್ಣದಾಗಿ ಕತ್ತರಿಸಿ, ಆಮೇಲೆ ದಬ್ಬಳದಿಂದ ಹಿಗ್ಗಿಸಿ. ತೂತು ದೊಡ್ಡದಾದರೆ ಎಷ್ಟು ಬಡಿದರೂ ಉಪಯೋಗವಿಲ್ಲ.

3. ಜೋಡಿಸಿ. ಉದ್ದ ಕೊಳವೆಯ ಭಾಗ ಬಟ್ಟೆಯ ಸೀದಾ ಬದಿಯಿಂದ ಹೋಗಲಿ. ಬಟ್ಟೆ ಉಲ್ಟಾ ಮಾಡಿ, ಅಚ್ಚಿನ ಮೇಲೆ ಕೂರಿಸಿ, ವಾಷರಿನ ಉಬ್ಬು ಮೇಲೆ ಕಾಣುವಂತೆ ಹಾಕಿ.

4. ಬಡಿಯಿರಿ. ಕೆಳಗೆ ಕಲ್ಲು ಅಥವಾ ದಪ್ಪ ಮರದ ದಿಮ್ಮಿ ಇರಲಿ, ಡೈನಿಂಗ್ ಟೇಬಲ್ ಬೇಡ. ಪಂಚನ್ನು ನೆಟ್ಟಗೆ ಹಿಡಿದು ಮೂರ್ನಾಲ್ಕು ಹದವಾದ ಏಟು ಕೊಡಿ. ಒಂದೇ ಸಲ ಜೋರಾಗಿ ಹೊಡೆದರೆ ಕೊಳವೆಯ ಅಂಚು ಸೀಳಿ, ಆ ಚೂಪು ದಾರವನ್ನೇ ಕೊಯ್ಯುತ್ತದೆ. ಆಮೇಲೆ ಉಗುರಿನಿಂದ ಉಂಗುರ ತಿರುಗಿಸಿ ನೋಡಿ. ತಿರುಗಿದರೆ ಇನ್ನೊಂದು ಏಟು ಬೇಕು. ಮೊದಲ ಐಲೆಟ್ಟನ್ನು ಸುಮ್ನೆ ಒಂದು ಚಿಂದಿಯ ಮೇಲೆ ಹಾಕಿ ನೋಡಿದರೆ ಕೈಗೆ ಅಂದಾಜು ಸಿಗುತ್ತದೆ.

ಕುಪ್ಪಸದ ಬೆನ್ನಿನ ಲಾಡಿಗೆ ಲೋಹ ಚುಚ್ಚುತ್ತದೆ ಅನ್ನುವವರು ದಾರದಲ್ಲೇ ಐಲೆಟ್ ಮಾಡಬಹುದು. ದಬ್ಬಳದಿಂದ ಚುಚ್ಚಿದ ತೂತಿನ ಸುತ್ತ ಸಣ್ಣ ಓಡುಹೊಲಿಗೆ ಹಾಕಿ, ಅದರ ಮೇಲೆ ಅಂಚು ಮುಚ್ಚುವಂತೆ ಒತ್ತೊತ್ತಾಗಿ ಸುತ್ತುತ್ತ ಬನ್ನಿ. ನಡುನಡುವೆ ದಬ್ಬಳ ತೂರಿಸಿ, ಇಲ್ಲದಿದ್ದರೆ ತೂತು ಮುಚ್ಚಿಕೊಂಡುಬಿಡುತ್ತದೆ. ಹಕೋಬಾ ಬಟ್ಟೆಯ ತೂತುಗಳ ಅಂಚೂ ಹೀಗೆ ದಾರದಿಂದ ಸುತ್ತಿದ್ದೇ, ಆದರೆ ಮಷಿನ್ನಿನಲ್ಲಿ.

ಪರದೆಗೆ ಹಾಕುವವರು ಉಂಗುರಗಳು ಸಮಸಂಖ್ಯೆಯಲ್ಲಿರುವಂತೆ ನೋಡಿಕೊಳ್ಳಿ. ಆಗ ಎರಡೂ ತುದಿಗಳು ಗೋಡೆಯ ಕಡೆಗೇ ತಿರುಗುತ್ತವೆ.

ಐಲೆಟ್ ಸೊಟ್ಟಗಾದರೆ ಎಳೆದು ಕೀಳಬೇಡಿ. ಹಿಂದಿನ ವಾಷರನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿ ಬಿಡಿಸಿ. ತೂತು ಅಗಲವಾಗಿದ್ದರೆ ಹಿಂದೆ ಹೊಸ ತುಂಡು ಕೊಟ್ಟು, ಒಂದು ಅಳತೆ ದೊಡ್ಡ ಐಲೆಟ್ ಹಾಕಿ.