ಕಡಲೆಗೆ ಬೇವಿನ ಬೀಜದ ಕಷಾಯ: ನಾನು ಮಾಡುವ ರೀತಿ

ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಕಡಲೆಗೆ ಕಾಯಿ ಕೊರಕ ಹುಳ ಬಂತೆಂದರೆ ‘ಬೇವಿನ ಕಷಾಯ ಹೊಡೆದರೂ ಹುಳ ಸಾಯಲಿಲ್ಲ’ ಎನ್ನುವವರು ಸಿಗುತ್ತಾರೆ. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ತಗುಲಿದ ಕೂಡಲೇ ಕೊಲ್ಲುವ ವಿಷವಲ್ಲ. ಅದು ಬಿದ್ದ ಎಲೆಯನ್ನು ಹುಳ ತಿನ್ನಲು ಒಲ್ಲದು. ತಿಂದರೂ ಪೊರೆ ಕಳಚಿಸುವ ಹಾರ್ಮೋನು ಏರುಪೇರಾಗಿ, ಬೆಳೆಯಲಾಗದೆ ಕೆಲವು ದಿನಗಳಲ್ಲಿ ಸಾಯುತ್ತದೆ. ಹಾಗಾಗಿ ಮರುದಿನ ಸತ್ತ ಹುಳ ಹುಡುಕಬೇಡಿ, ವಾರದ ನಂತರ ಹೊಸ ತೂತು ಬಿದ್ದ ಕಾಯಿ ಎಷ್ಟಿವೆ ನೋಡಿ.

ಕಷಾಯ ಕೆಡುವುದು ಹೆಚ್ಚಾಗಿ ಬೀಜದಲ್ಲೇ. ಜೂನ್-ಜುಲೈನಲ್ಲಿ ಉದುರಿದ ಹಳದಿ ಹಣ್ಣನ್ನು ಅಂದಂದೇ ಆಯ್ದು, ತಿರುಳು ತೊಳೆದು, ನೆರಳಲ್ಲಿ ಹರಡಿ ಒಣಗಿಸುತ್ತೇನೆ. ಬಿಸಿಲಿಗೆ ಹಾಕಿದರೆ ಸತ್ವ ಒಡೆಯುತ್ತದೆ. ಹಸಿ ಇರುವಾಗಲೇ ಪ್ಲಾಸ್ಟಿಕ್ ಚೀಲ ಕಟ್ಟಿದರೆ ಬೂಸ್ಟು ಹತ್ತುತ್ತದೆ, ಗೋಣಿಚೀಲವೇ ಸರಿ. ಒಡೆದು ನೋಡಿದಾಗ ಒಳಗಿನ ಬೇಳೆ ಹಸಿರು ಛಾಯೆಯಲ್ಲಿದ್ದರೆ ಒಳ್ಳೆಯದು, ಕಪ್ಪಾಗಿದ್ದರೆ ಎಸೆಯಿರಿ. ಹಿಂದಿನ ವರ್ಷದ ಬೀಜ ನಾನು ಬಳಸುವುದಿಲ್ಲ.

ಎಕರೆಗೆ 200 ಲೀಟರ್ ದ್ರಾವಣ ಬೇಕು, ನೂರು ಲೀಟರಿಗೆ 5 ಕಿಲೋ ಲೆಕ್ಕದಲ್ಲಿ 10 ಕಿಲೋ ಬೇಳೆ. ಸಿಪ್ಪೆಯ ತೂಕ ಸುಮಾರು ಅರ್ಧ ಇರುವುದರಿಂದ 20 ಕಿಲೋ ಒಣ ಬೀಜ ಕೂಡಿಡಿ. ಬೇಳೆಯನ್ನು ತರಿತರಿಯಾಗಿ ಕುಟ್ಟಬೇಕು. ಎಣ್ಣೆ ಬಿಡುವಷ್ಟು ನುಣ್ಣಗಾದರೆ ಮುದ್ದೆಯಾಗಿ ಸೋಸಲು ಬರುವುದಿಲ್ಲ. ತೆಳು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ 20 ಲೀಟರ್ ತಣ್ಣೀರಲ್ಲಿ ರಾತ್ರಿಯಿಡೀ ನೆನೆಸುತ್ತೇನೆ. ಕುದಿಸುವುದು ಬೇಡವೇ ಬೇಡ. ಮರುದಿನ ಗಂಟನ್ನು ನೀರು ಹಾಲಿನಂತಾಗುವವರೆಗೆ ಮತ್ತೆ ಮತ್ತೆ ಹಿಂಡಿ, ಎರಡು ಪದರ ಬಟ್ಟೆಯಲ್ಲಿ ಸೋಸಿ, 200 ಲೀಟರ್ ಮಾಡಬೇಕು. ಸರಿಯಾಗಿ ಸೋಸದಿದ್ದರೆ ನಾಝಲ್ ಕಟ್ಟುತ್ತದೆ.

ಇನ್ನು ನೀರು. ನಮ್ಮ ಬೋರ್‌ವೆಲ್ ನೀರು ಸಾಮಾನ್ಯವಾಗಿ ಕ್ಷಾರ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 8 ದಾಟಿದರೆ ಅಜಾಡಿರಾಕ್ಟಿನ್ ಬೇಗ ಒಡೆಯುತ್ತದೆ, 5-6ರಲ್ಲಿ ಕೆಡದೆ ಉಳಿಯುತ್ತದೆ. ನಾನು ಕೃಷಿಹೊಂಡದ ನೀರು ಬಳಸುತ್ತೇನೆ. ಇಲ್ಲದಿದ್ದರೆ ಲಿಂಬೆರಸ ಹಿಂಡಿ ಪಿಎಚ್ ಕಾಗದದಲ್ಲಿ ನೋಡಿಕೊಳ್ಳಿ. ಎಲೆಗೆ ಅಂಟಲು ಬೇಕಾದ 200 ಗ್ರಾಂ ಸೋಪಿನ ಪುಡಿಯೂ ಕ್ಷಾರವೇ, ಆದ್ದರಿಂದ ಅದನ್ನು ಪಂಪಿಗೆ ತುಂಬುವ ಮೊದಲಷ್ಟೇ ಕಲಸಿ.

ಮೊಗ್ಗು ಕಾಣುವಾಗ, ಕಾಯಿ ಕೊರಕದ ಮೊಟ್ಟೆ ಮತ್ತು ಎಳೆ ಮರಿಗಳಿರುವಾಗಲೇ ಹೊಡೆಯಬೇಕು. ಕಾಯಿಯೊಳಗೆ ತಲೆ ತೂರಿಸಿದ ದಪ್ಪ ಹುಳಕ್ಕೆ ಇದು ಸಾಲದು. ಸಂಜೆ ನಾಲ್ಕರ ಮೇಲೆ, ಅಂದು ಮಾಡಿದ್ದನ್ನು ಅಂದೇ ಮುಗಿಸಿ. ಬಿಸಿಲಿಗೆ ಕೆಲವೇ ದಿನಗಳಲ್ಲಿ ಅದರ ಶಕ್ತಿ ಇಳಿಯುವುದರಿಂದ, ಮೊಟ್ಟೆ ಇನ್ನೂ ಕಾಣುತ್ತಿದ್ದರೆ ವಾರದ ನಂತರ ಮತ್ತೊಮ್ಮೆ ಹೊಡೆಯುತ್ತೇನೆ.