ಹಿತ್ತಲಿಗೆ ಹಕ್ಕಿ ಕರೆಯುವುದು ಹೇಗೆ? ಕಾಳಿಗಿಂತ ಮೊದಲು ನೀರಿಡಿ

ಅಡಿಕೆ ಕೊಯ್ಲಿನ ದಿನಗಳು. ಬೆಳಿಗ್ಗೆ ಎಂಟಾದರೂ ತೋಟದ ಮೇಲಿನ ಮಂಜು ಸರಿದಿರುವುದಿಲ್ಲ. ಅಡುಗೆಮನೆಯ ಹಿಂಬಾಗಿಲು ತೆಗೆದರೆ, ಬಚ್ಚಲ ನೀರು ಹರಿಯುವ ಕಡೆ, ಕೆಸುವಿನ ಎಲೆಗಳ ನಡುವೆ ಒಂದು ಹಕ್ಕಿ ನಡೆಯುತ್ತಿರುತ್ತದೆ. ಗುಬ್ಬಿಗಿಂತ ಉದ್ದ, ತೆಳ್ಳಗಿನ ಮೈ. ಬಿಳಿ ಎದೆಯ ಮೇಲೆ ಎರಡು ಕಪ್ಪು ಪಟ್ಟೆ. ಅದನ್ನು ನನಗೆ ಮೊದಲು ತೋರಿಸಿದ್ದು ಅಮ್ಮ. "ಅದು ಕುಂಡೆಕುಸ್ಕ ಅಲ್ಲ, ಸರಿಯಾಗಿ ನೋಡು. ಕುಂಡೆಕುಸ್ಕ ಬಾಲ ಮೇಲೆ ಕೆಳಗೆ ಕುಣಿಸ್ತದೆ. ಇದು ಅತ್ಲಾಗೆ ಇತ್ಲಾಗೆ ಆಡಿಸ್ತದೆ."

ಕುಂಡೆಕುಸ್ಕ ಅಂದರೆ ಬಾಲ ಕುಣಿಸುವ ಮಾಮೂಲಿ ಸಿಪಿಲೆ. ಅಮ್ಮ ಹೇಳಿದ್ದು ಸರಿ. ಇದು ಕಾಡು ಸಿಪಿಲೆ. ಚೀನಾ, ಕೊರಿಯಾ, ಪೂರ್ವ ಸೈಬೀರಿಯಾ ಕಡೆ ಮರಿ ಮಾಡಿ, ಚಳಿಗಾಲ ಕಳೆಯಲು ನಮ್ಮ ಘಟ್ಟದ ಕಾಡುಗಳಿಗೆ ಬರುವ ಹಕ್ಕಿ. ಅಷ್ಟು ದೂರದಿಂದ ಬಂದದ್ದು ನಮ್ಮ ಬಚ್ಚಲ ಮೋರಿಯ ಪಕ್ಕದಲ್ಲಿ ಹುಳ ಹೆಕ್ಕುತ್ತಿತ್ತು. ಅವತ್ತಿನಿಂದ ನಾನು ಹಿತ್ತಲನ್ನು ನೋಡುವ ರೀತಿಯೇ ಬೇರೆಯಾಯಿತು.

ಹಕ್ಕಿ ನೋಡಬೇಕೆಂದರೆ ಮಂಡಗದ್ದೆಗೋ ಗುಡವಿಗೋ ಹೋಗಬೇಕು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆ ತುಂಬಾ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಚಳಿಗಾಲಕ್ಕೆ ಹಿತ್ತಲೇ ಸಾಕು. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿಗೆ ಯಾರು ಬರುತ್ತಾರೆ, ಅವರನ್ನು ಕರೆಯಲು ಏನು ಮಾಡಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

ನಮ್ಮ ಚಳಿಗಾಲ ಬೇರೆ

ಹಿಮ ಬೀಳುವ ದೇಶಗಳಲ್ಲಿ ಜನ ಚಳಿಗಾಲದಲ್ಲಿ ಹಕ್ಕಿಗಳಿಗೆ ಕಾಳು ಇಡುತ್ತಾರೆ. ಅಲ್ಲಿ ನೆಲವೆಲ್ಲ ಹಿಮದಡಿ ಮುಚ್ಚಿಹೋಗಿ, ತಿನ್ನಲು ಏನೂ ಸಿಗುವುದಿಲ್ಲ. ಆ ಪದ್ಧತಿಯನ್ನು ಹಾಗೇ ಇಲ್ಲಿಗೆ ತಂದರೆ ಪ್ರಯೋಜನವಿಲ್ಲ. ಮಲೆನಾಡಿನ ಹಕ್ಕಿಗೆ ಡಿಸೆಂಬರ್‌ನಲ್ಲಿ ಹಸಿವಿಲ್ಲ. ಗದ್ದೆಯಲ್ಲಿ ಉದುರಿದ ಭತ್ತ ಇದೆ, ತೋಟದಲ್ಲಿ ಹುಳ ಇದೆ, ಗೋಳಿ ಮರದಲ್ಲಿ ಹಣ್ಣಿದೆ. ಮಳೆ ನಿಂತ ಮೇಲೆ ದಿನದಿನಕ್ಕೂ ಕಡಿಮೆಯಾಗುತ್ತಾ ಹೋಗುವುದು ನೀರು. ಜನವರಿ ಹೊತ್ತಿಗೆ ಗುಡ್ಡದ ಸಣ್ಣ ಹಳ್ಳಗಳು ಸೊರಗಿರುತ್ತವೆ.

ಇನ್ನೊಂದು ಮಾತು. ಚಳಿಗಾಲದ ವಲಸೆಗಾರರಲ್ಲಿ ಹೆಚ್ಚಿನವು ಹುಳ ತಿನ್ನುವ ಹಕ್ಕಿಗಳು. ಕಾಡು ಸಿಪಿಲೆ, ನವರಂಗ, ಬೇಲಿಯೊಳಗೆ ಕೂತು ಚಕ್ ಚಕ್ ಎನ್ನುವ ಪುಟ್ಟ ಕಂದು ಉಲಿಯಕ್ಕಿ, ಇವು ಯಾವುವೂ ನಿಮ್ಮ ರಾಗಿ, ನವಣೆಯನ್ನು ಮೂಸಿಯೂ ನೋಡುವುದಿಲ್ಲ. ನೀರಿಗೆ ಮಾತ್ರ ಬರುತ್ತವೆ. ಆದ್ದರಿಂದ ಒಂದೇ ಕೆಲಸ ಮಾಡಲು ಪುರುಸೊತ್ತಿದ್ದರೆ ನೀರಿಡಿ.

ಕೂರುವ ಜಾಗ

ಮೊದಲು ನೀವು ಎಲ್ಲಿ ಕೂರುತ್ತೀರಿ ಎಂದು ನೋಡಿಕೊಳ್ಳಿ. ಅಡುಗೆಮನೆಯ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ದಿನಕ್ಕೆ ಹತ್ತು ಸಲ ಅಲ್ಲಿಗೆ ಹೋಗುತ್ತೇವೆ ಅಲ್ವಾ? ಒಳಗೆ ಕತ್ತಲು, ಹೊರಗೆ ಬೆಳಕು ಇರುವುದರಿಂದ ಹಕ್ಕಿಗೆ ನಾವು ಅಷ್ಟಾಗಿ ಕಾಣುವುದಿಲ್ಲ. ಕಿಟಕಿಯಿಂದ ಹದಿನೈದು ಇಪ್ಪತ್ತು ಅಡಿ ದೂರದಲ್ಲಿ ನೀರಿಟ್ಟರೆ ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತದೆ.

ನೀರಿನ ಪಕ್ಕದಲ್ಲೇ ಪೊದೆ ಇರಬಾರದು, ತೀರಾ ದೂರವೂ ಇರಬಾರದು. ಪೊದೆ ಅಂಟಿಕೊಂಡಿದ್ದರೆ ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ. ಬಯಲಿನಲ್ಲಿಟ್ಟರೆ ಗಿಡುಗದ ಹೆದರಿಕೆಗೆ ಸಣ್ಣ ಹಕ್ಕಿ ಇಳಿಯುವುದೇ ಇಲ್ಲ. ಏಳೆಂಟು ಅಡಿ ದೂರಕ್ಕೆ ಒಂದು ದಾಸವಾಳವೋ ಕರಿಬೇವೋ ಇದ್ದರೆ ಸರಿ. ಹಕ್ಕಿ ಮೊದಲು ಅದರ ಮೇಲೆ ಕೂತು ಸುತ್ತ ನೋಡಿ, ಆಮೇಲೆ ಇಳಿಯುತ್ತದೆ.

ನೀರಿನ ಓಡು

ಅಂಗಡಿಯ ಚಂದದ ಪಾತ್ರೆ ಬೇಡ. ಅಗಲವಾದ ಮಣ್ಣಿನ ಓಡು ಅಥವಾ ದೊಡ್ಡ ಹೂಕುಂಡದ ಕೆಳಗಿಡುವ ತಟ್ಟೆ ಸಾಕು. ಆಳ ಮುಖ್ಯ. ಅಂಚಿನಲ್ಲಿ ಅರ್ಧ ಅಂಗುಲ, ನಡುವೆ ಎರಡು ಅಂಗುಲ, ಅದಕ್ಕಿಂತ ಜಾಸ್ತಿ ಬೇಡ. ತಳ ತರಿಯಾಗಿರಬೇಕು. ಸ್ಟೀಲ್ ತಟ್ಟೆ, ಪಿಂಗಾಣಿ ತಟ್ಟೆಯಲ್ಲಿ ಕಾಲು ಜಾರುತ್ತದೆ. ನಡುವೆ ಹೊಳೆಯಿಂದ ತಂದ ಒಂದು ಚಪ್ಪಟೆ ಕಲ್ಲನ್ನು ನೀರಿನಿಂದ ಸ್ವಲ್ಪ ಮೇಲೆ ಕಾಣುವ ಹಾಗೆ ಇಡಿ.

ಆಳದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಮೊದಲ ವರ್ಷ ನಾನು ಹಳೆಯ ಪ್ಲಾಸ್ಟಿಕ್ ಟಬ್ಬಿನ ತುಂಬಾ ನೀರು ಇಟ್ಟಿದ್ದೆ. ಮೂರನೇ ದಿನ ಬೆಳಿಗ್ಗೆ ಅದರಲ್ಲಿ ಒಂದು ಸೂರಕ್ಕಿ ತೇಲುತ್ತಿತ್ತು. ಅಂಗೈ ಮೇಲಿಟ್ಟುಕೊಂಡರೆ ತೂಕವೇ ಗೊತ್ತಾಗಲಿಲ್ಲ. ಒಂದು ಕಲ್ಲು ಹಾಕಿದ್ದರೆ ಅದು ಬದುಕುತ್ತಿತ್ತು. ಈಗಲೂ ಓಡಿಗೆ ಕಲ್ಲಿಡುವಾಗ ಅದು ನೆನಪಿಗೆ ಬರುತ್ತದೆ. ಬಾವಿಕಟ್ಟೆಯ ಬಕೆಟ್, ದನದ ಬಾನಿ ಇದ್ದರೆ ಅವುಗಳಿಗೂ ಅಡ್ಡಲಾಗಿ ಒಂದು ಕೋಲು ಹಾಕಿಡಿ. ಬಿದ್ದ ಹಕ್ಕಿಯೋ ಅಳಿಲೋ ಹತ್ತಿ ಬರುತ್ತದೆ.

ಎರಡು ಓಡು ಇಟ್ಟರೆ ಇನ್ನೂ ಒಳ್ಳೆಯದು. ಒಂದು ನೆಲದ ಮೇಲೆ, ಇನ್ನೊಂದು ಮೂರು ನಾಲ್ಕು ಅಡಿ ಎತ್ತರದಲ್ಲಿ. ಪಿಕಳಾರ, ಸೂರಕ್ಕಿಗಳು ಎತ್ತರದ್ದನ್ನು ಹಿಡಿಯುತ್ತವೆ. ನವರಂಗ, ನೆಲಸಿಳ್ಳಾರಗಳಿಗೆ ನೆಲದ್ದೇ ಬೇಕು.

ಇನ್ನು ನೀರು ತೊಟ್ಟಿಕ್ಕಿಸುವ ಉಪಾಯ. ಒಂದು ಲೀಟರ್ ಬಾಟಲಿಯ ತಳಕ್ಕೆ ಕಾಯಿಸಿದ ಗುಂಡುಸೂಜಿಯಿಂದ ತೂತು ಮಾಡಿ, ನೀರು ತುಂಬಿ, ಓಡಿನ ಮೇಲಿನ ಕೊಂಬೆಗೆ ಕಟ್ಟಿ. ಮುಚ್ಚಳ ಬಿಗಿ ಮಾಡಿದರೆ ಹನಿ ನಿಧಾನ, ಸಡಿಲಿಸಿದರೆ ಜೋರು. ಟಪ್ ಟಪ್ ಎನ್ನುವ ಆ ಸದ್ದು ಕೇಳಿ, ನೀರಿನ ಮೇಲಿನ ಅಲೆ ಕಂಡು, ಸುಮ್ನೆ ಹಾದುಹೋಗುವ ಹಕ್ಕಿಯೂ ನಿಲ್ಲುತ್ತದೆ. ನಾಲ್ಕು ದಿನ ಯಾರೂ ಬಾರದ ಓಡಿಗೆ, ಬಾಟಲಿ ಕಟ್ಟಿದ ಸಂಜೆಯೇ ಕೆಮ್ಮೀಸೆ ಪಿಕಳಾರದ ಜೋಡಿ ಇಳಿಯಿತು.

ನೀರನ್ನು ದಿನವೂ ಬದಲಿಸಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ತೆಂಗಿನ ನಾರಿನಿಂದ ಉಜ್ಜಿ, ಸೋಪು ಹಾಕದೆ ತೊಳೆಯಿರಿ. ವಾರಕ್ಕೊಮ್ಮೆ ಬಿಸಿಲಿಗೆ ಒಣಗಿಸಿ. ಒಂದರ ಹಿಕ್ಕೆ ಬಿದ್ದ ನೀರನ್ನು ಇನ್ನೊಂದು ಕುಡಿದರೆ ರೋಗ ಹರಡುತ್ತದೆ. ಡೆಂಗ್ಯೂ ತರುವ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಒಂದು ವಾರದ ಮೇಲೆ ಬೇಕು. ದಿನವೂ ಚೆಲ್ಲುವ ನೀರಿನಲ್ಲಿ ಅದು ಬೆಳೆಯಲಾರದು.

ತಿನ್ನಲು ಏನಿಡಬಹುದು

ಇಡಲೇಬೇಕು ಅನಿಸಿದರೆ ಸ್ವಲ್ಪವೇ ಇಡಿ. ನಮ್ಮಲ್ಲಿ ಹೊಸ್ತಿನ ಹಬ್ಬಕ್ಕೆ ಕದಿರು ತಂದು ಬಾಗಿಲಿಗೆ ಕಟ್ಟುತ್ತಾರಲ್ಲ, ಅದೇ ಒಳ್ಳೆಯ ಊಟದ ತಟ್ಟೆ. ಒಂದು ಹಿಡಿ ಭತ್ತದ ತೆನೆಯನ್ನು ಬಾಳೆನಾರಿನಲ್ಲಿ ಬಿಗಿದು ಜಗುಲಿಯ ಮುಂದಿನ ಕೊಂಬೆಗೆ ತೂಗುಹಾಕಿ. ಗುಬ್ಬಿ, ರಾಟವಾಳಗಳು ತಲೆಕೆಳಗಾಗಿ ನೇತಾಡುತ್ತಾ ಒಂದೊಂದೇ ಕಾಳು ಸುಲಿದು ತಿನ್ನುತ್ತವೆ. ಹೊಟ್ಟು ಮಾತ್ರ ಕೆಳಗೆ ಉದುರುತ್ತದೆ.

ಹಣ್ಣಿಗೆ ಅಡಿಕೆ ಹಾಳೆಯ ತಟ್ಟೆಯೋ ನಾಲ್ಕು ದಬ್ಬೆ ಜೋಡಿಸಿದ ಸಣ್ಣ ಅಟ್ಟಣೆಯೋ ಸಾಕು. ಕಳಿತ ಬಾಳೆಹಣ್ಣು ಅರ್ಧ, ಪಪ್ಪಾಯಿಯ ಒಂದು ಹೋಳು, ಒಂದು ಸಪೋಟ. ಪಪ್ಪಾಯಿಗೆ ಕುಟುರ ಬಂದೇ ಬರುತ್ತದೆ. ಹಸಿರು ಮೈ, ಕಂದು ತಲೆ, ಕಣ್ಣಿನ ಮೇಲೆ ಕೆಳಗೆ ಬಿಳಿ ಪಟ್ಟೆ. ದಪ್ಪ ಕೊಕ್ಕಿನ ಬುಡದಲ್ಲಿ ಮೀಸೆಯಂಥ ಕೂದಲು. ಒಂದೇ ಕಡೆ ಕುಕ್ಕಿ ಕುಕ್ಕಿ ಗುಂಡಿ ಮಾಡುತ್ತದೆ, ಕೊಕ್ಕಿಗೆ ಮೆತ್ತಿದ್ದನ್ನು ಕೊಂಬೆಗೆ ಎರಡೂ ಕಡೆ ಒರೆಸಿಕೊಳ್ಳುತ್ತದೆ. ಅದು ತಿಂದು ಮುಗಿಸುವವರೆಗೆ ಪಿಕಳಾರಗಳು ಪಕ್ಕದ ಕೊಂಬೆಯಲ್ಲಿ ಕಾಯುತ್ತಿರುತ್ತವೆ.

ಮಿಕ್ಸ್ಚರ್, ಬಿಸ್ಕತ್ತು, ಬ್ರೆಡ್ಡು, ಉಪ್ಪು ಎಣ್ಣೆ ಹಾಕಿದ ಯಾವುದನ್ನೂ ಇಡಬೇಡಿ. ಹಳಸಿದ ಅನ್ನವೂ ಬೇಡ. ಔಷಧಿ ಬೆರೆಸಿದ ಬಿತ್ತನೆ ಬೀಜ ಉಳಿದಿದೆಯೆಂದು ಹಾಕಿದರೆ ಅದು ವಿಷವೇ.

ಇಟ್ಟದ್ದು ಮಧ್ಯಾಹ್ನದೊಳಗೆ ಖಾಲಿಯಾಗುವಷ್ಟೇ ಇರಲಿ. ಉಳಿದರೆ ಸಂಜೆ ತೆಗೆದುಬಿಡಿ. ರಾತ್ರಿ ಕಾಳು ಬಿದ್ದಿದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ.

ಮಂಗ ಬರುವ ಊರಾದರೆ

ಇದನ್ನು ಬಿಟ್ಟು ಮಲೆನಾಡಿನಲ್ಲಿ ಹಕ್ಕಿಯ ಊಟದ ಮಾತಾಡುವ ಹಾಗಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಉಣುಗುಗಳಿಂದ ಹರಡುತ್ತದೆ. ಜಾಸ್ತಿ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಸರಿಯಾಗಿ ನಾವು ಹಕ್ಕಿ ನೋಡುವ ದಿನಗಳಲ್ಲಿ. ಮಂಗಗಳು ಹಿತ್ತಲಿಗೆ ಬಂದರೆ ಅವುಗಳ ಮೈಮೇಲಿನ ಉಣುಗೂ ಬರುತ್ತವೆ.

ಹಾಗಾಗಿ ನಿಮ್ಮ ಮನೆಯ ಹತ್ತಿರ ಮಂಗಗಳ ಓಡಾಟವಿದ್ದರೆ ಹಣ್ಣು ಇಡಲೇಬೇಡಿ, ನೀರು ಮಾತ್ರ ಸಾಕು. ಕಾಡಂಚಿನ ಹಿತ್ತಲಲ್ಲಿ ದರಗಿನ ಮೇಲೆ ಕೂರಬೇಡಿ. ಕುರ್ಚಿ ಹಾಕಿಕೊಳ್ಳಿ, ಮೈತುಂಬಾ ಬಟ್ಟೆ ತೊಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಇದ್ದರೆ ಕೈಕಾಲಿಗೆ ಹಚ್ಚಿಕೊಳ್ಳಿ. ಒಳಗೆ ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನೂ ನೆನೆಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಯಾವ ಹೊತ್ತಿಗೆ, ಯಾರು

ಬೆಳಿಗ್ಗೆ ಮಂಜು ಸರಿದು ಮೊದಲ ಬಿಸಿಲು ಬಿದ್ದ ಹೊತ್ತು ಒಳ್ಳೆಯದು. ಅದಕ್ಕಿಂತಲೂ ಸಂಜೆ ಐದರಿಂದ ಆರೂವರೆ ನನಗೆ ಇಷ್ಟ. ನಿದ್ದೆಗೆ ಮೊದಲು ಎಲ್ಲರಿಗೂ ಸ್ನಾನ ಬೇಕು.

ನಮ್ಮ ಓಡಿಗೆ ಮೊದಲು ಹರಟೆಮಲ್ಲಗಳು ಗುಂಪಾಗಿ ಬಂದು ಗಲಾಟೆ ಮಾಡಿ ಹೋಗುತ್ತವೆ. ಆಮೇಲೆ ಪಿಕಳಾರ, ಒಂದು ಮೀಯುವಾಗ ಇನ್ನೊಂದು ಕಾವಲು. ಬಾಲದಂಡೆ ಬಂದರೆ ಕೈಯಲ್ಲಿರುವ ಕೆಲಸ ಬಿಡಿ. ಅದು ಓಡಿನಲ್ಲಿ ನಿಲ್ಲುವುದಿಲ್ಲ, ಕೊಂಬೆಯಿಂದ ನೇರ ನೀರಿಗೆ ಎರಗಿ, ಮೈ ಅದ್ದಿಕೊಂಡು ಮತ್ತೆ ಮೇಲಕ್ಕೆ ಹಾರುತ್ತದೆ. ಬಿಳಿ ಗಂಡಾದರೆ ರಿಬ್ಬನ್ನಿನಂಥ ಉದ್ದ ಬಾಲ ಹಿಂದೆ ತೇಲುತ್ತಾ ಹೋಗುತ್ತದೆ.

ಕತ್ತಲಾಗುವ ಹೊತ್ತಿಗೆ ನೆಲದಲ್ಲಿ ಸದ್ದಾದರೆ ಉಸಿರು ಬಿಗಿಹಿಡಿದು ನೋಡಿ. ನವರಂಗ ಇರಬಹುದು. ಹಸಿರು ಬೆನ್ನು, ಮಾಸಲು ಹಳದಿ ಎದೆ, ಬಾಲದ ಕೆಳಗೆ ಕೆಂಪು, ಮೋಟು ಬಾಲ. ಹಿಮಾಲಯದ ತಪ್ಪಲು, ಮಧ್ಯಭಾರತದ ಕಾಡುಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತದೆ. ಸಂಜೆ ಆರರ ಸುಮಾರಿಗೆ ಕೂಗುವುದರಿಂದ ತಮಿಳರು ಇದನ್ನು ಆರು ಗಂಟೆಯ ಹಕ್ಕಿ ಎಂದೇ ಕರೆಯುತ್ತಾರೆ.

ಹೆಸರು ಗೊತ್ತಿಲ್ಲದಿದ್ದರೆ ಗಾಬರಿ ಬೇಡ. ಗುಬ್ಬಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ ಎಂದು ಮೊದಲು ಗಾತ್ರ ನೋಡಿ. ಆಮೇಲೆ ಕೊಕ್ಕು, ಬಾಲ. ಬಣ್ಣ ಕೊನೆಗೆ. ಫೋನಿನಲ್ಲಿ ಮರ್ಲಿನ್ ಆ್ಯಪ್ ಇದ್ದರೆ ಕೂಗು ಕೇಳಿಸಿಯೂ ತಿಳಿಯಬಹುದು, ಆದರೆ ಕಣ್ಣಿಂದ ನೋಡುವ ತನಕ ನಂಬಬೇಡಿ. ಬೈನಾಕ್ಯುಲರ್ ಕೊಳ್ಳುವುದಾದರೆ 8x42 ಎಂದು ಬರೆದದ್ದು ಹಿತ್ತಲಿಗೂ ಕಾಡಿಗೂ ಆಗುತ್ತದೆ.

ಗಾಜು, ಕನ್ನಡಿ

ದೊಡ್ಡ ಗಾಜಿನ ಕಿಟಕಿಯಲ್ಲಿ ತೋಟದ ನೆರಳು ಕಂಡು ಹಕ್ಕಿ ಬಂದು ಅಪ್ಪಳಿಸುತ್ತದೆ. ಹೊರಗಿನಿಂದ ಎರಡೆರಡು ಅಂಗುಲಕ್ಕೊಂದು ದಾರ ಇಳಿಬಿಡಿ. ಸ್ಕೂಟರ್ ಕನ್ನಡಿಯೊಂದಿಗೆ ಮಡಿವಾಳ ಹಕ್ಕಿ ಜಗಳಕ್ಕೆ ಬಿದ್ದರೆ ಕನ್ನಡಿಗೆ ಬಟ್ಟೆ ಕಟ್ಟಿ. ಅದು ತನ್ನ ನೆರಳನ್ನೇ ಇನ್ನೊಂದು ಗಂಡು ಎಂದುಕೊಂಡು ಸುಸ್ತಾಗುತ್ತಿರುತ್ತದೆ.

ಗಿಡ ಮರ

ಮಳೆಗಾಲದಲ್ಲಿ ಹಿತ್ತಲ ಮೂಲೆಗೆ ಒಂದು ಗಸಗಸೆ ಹಣ್ಣಿನ ಗಿಡ ನೆಡಿ. ಬೇಗ ಬೆಳೆದು ಹಣ್ಣು ಬಿಡುತ್ತದೆ. ಬೇಲಿಯ ಹಾಲವಾಣವನ್ನು ಕಡಿಯಬೇಡಿ. ಚಳಿ ಮುಗಿಯುವ ಹೊತ್ತಿಗೆ ಎಲೆ ಉದುರಿಸಿ ಕೆಂಪು ಹೂ ಬಿಟ್ಟಾಗ ಕಾಜಾಣ, ಗೊರವಂಕ, ಸೂರಕ್ಕಿ ಎಲ್ಲ ಅಲ್ಲೇ. ಮಾವಿನ ಮರಕ್ಕೆ ಅಂಟಿ ಬೆಳೆಯುವ ಬದನಿಕೆಯನ್ನು ಪೂರ್ತಿ ಕೆರೆಯದೆ ಒಂದು ಕೊಂಬೆಯಲ್ಲಿ ಉಳಿಸಿ. ಬದನಿಕೆ ಹಕ್ಕಿ ಎಂಬ ಹೆಬ್ಬೆರಳ ಗಾತ್ರದ ಹಕ್ಕಿಗೆ ಅದರ ಹಣ್ಣೇ ಊಟ.

ಬರೆದಿಡುವುದು

ಗೋಡೆಯ ಕ್ಯಾಲೆಂಡರ್ ಸಾಕು. ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ "ನವರಂಗ, 6.10" ಎಂದು ಬರೆಯಿರಿ. ಎರಡು ವರ್ಷದ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಬೇರೆಯೇ ಖುಷಿ ಇದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆ ನಡೆಯುತ್ತದೆ. ಅಮೆರಿಕದಲ್ಲಿ 1998ರಲ್ಲಿ ಶುರುವಾದದ್ದು, 2013ರಿಂದ ಭಾರತದಲ್ಲೂ ಇದೆ. ಕನಿಷ್ಠ 15 ನಿಮಿಷ ಒಂದು ಕಡೆ ಕೂತು, ಕಂಡ ಹಕ್ಕಿ ಎಣಿಸಿ, ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸಿದರೆ ನಿಮ್ಮ ಹಿತ್ತಲೂ ಆ ಲೆಕ್ಕಕ್ಕೆ ಸೇರುತ್ತದೆ. ಮಕ್ಕಳನ್ನೂ ಕೂರಿಸಿಕೊಳ್ಳಿ, ಅವರ ಕಣ್ಣು ನಮ್ಮದಕ್ಕಿಂತ ಚುರುಕು.

ಏಪ್ರಿಲ್ ಹೊತ್ತಿಗೆ ಕಾಡು ಸಿಪಿಲೆ, ನವರಂಗಗಳು ಕಾಣಿಸದಾಗುತ್ತವೆ. ಆಗ ನೀರು ನಿಲ್ಲಿಸಬೇಡಿ. ಇಲ್ಲೇ ಇರುವ ಹಕ್ಕಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲೇ ಅದು ಹೆಚ್ಚು ಬೇಕು, ಬಿಸಿಲೇರಿದ ದಿನ ಎರಡು ಸಲ ತುಂಬಿಸಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ತೆನೆಯ ಗೊಂಚಲು ಬೂಸ್ಟು ಹಿಡಿಯುವ ಮೊದಲೇ ಬಿಚ್ಚಿ, ಓಡನ್ನು ಉಜ್ಜಿ ಒಣಗಿಸಿ ಅಟ್ಟದ ಮೇಲೆ ಬೋರಲು ಹಾಕಿ. ಚಪ್ಪಟೆ ಕಲ್ಲನ್ನೂ ಅದರ ಪಕ್ಕದಲ್ಲೇ ಇಡಿ.